ಮೆಖೆಲೆನ್ ಎಂಬ ಊರಿನ ಒಂದು ಆಟದ ವರ್ಷ (1987–88)



ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸಿದ ನನಗೆ ಬೆಲ್ಜಿಯಂ ಎಂಬ ಪುಟ್ಟ ದೇಶವು ತರಗತಿಯಲ್ಲಿ ಮೂರೇ ಮೂರು ಬಾರಿ ಎದುರಾಗುತ್ತಿತ್ತು. ನೆಪೋಲಿಯನ್ ಸೋತ 1815ರ ವಾಟರ್‌ಲೂ ಕದನದಲ್ಲಿ ಒಮ್ಮೆ. ಹಾಲೆಂಡಿನಿಂದ ಬೇರೆಯಾದ 1830ರ ಕ್ರಾಂತಿಯಲ್ಲಿ ಮತ್ತೊಮ್ಮೆ. ಜರ್ಮನಿಯ ಸೇನೆ ಗಡಿ ದಾಟಿ ನುಗ್ಗಿದ 1914ರಲ್ಲಿ ಮಗದೊಮ್ಮೆ. ದೊಡ್ಡ ರಾಷ್ಟ್ರಗಳು ತಮ್ಮ ಜಗಳವನ್ನು ತೀರಿಸಿಕೊಳ್ಳಲು ಬಳಸಿದ ಅಂಗಳ ಎಂಬುದಕ್ಕಿಂತ ಹೆಚ್ಚಿನದೇನನ್ನೂ ನಾನು ಆ ದೇಶದ ಬಗ್ಗೆ ಹೇಳಿದ ನೆನಪಿಲ್ಲ. ನೀವು ಉತ್ತರಪತ್ರಿಕೆಯಲ್ಲಿ ಬರೆದದ್ದೂ ಅಷ್ಟೇ, ನಾನು ಅಂಕ ಕೊಟ್ಟದ್ದೂ ಅಷ್ಟಕ್ಕೇ.

ನಿವೃತ್ತನಾದ ಮೇಲೆ, ಕೆಲಸದ ನಿಮಿತ್ತ ಲ್ಯೂವೆನ್ ನಗರದಲ್ಲಿದ್ದ ಮಗಳು ಅಳಿಯಂದಿರ ಮನೆಯಲ್ಲಿ ಕೆಲವು ವಾರ ಇದ್ದು ಬರುವ ಯೋಗ ಒದಗಿತು. ಒಂದು ಭಾನುವಾರ ಅಳಿಯ ನನ್ನನ್ನು ರೈಲಿನಲ್ಲಿ ಹತ್ತಿರದ ಮೆಖೆಲೆನ್ ಎಂಬ ಊರಿಗೆ ಕರೆದೊಯ್ದ. ನಾನು ನೋಡಲು ಬಯಸಿದ್ದು ಅಲ್ಲಿನ ಸಂತ ರುಂಬೋಲ್ಡ್ ಚರ್ಚಿನ ಪ್ರಸಿದ್ಧ ಗೋಪುರವನ್ನು. ಆದರೆ ಮರಳುವಾಗ ತಲೆಯಲ್ಲಿ ಉಳಿದುಕೊಂಡದ್ದು ಆ ಊರಿನ ಫುಟ್ಬಾಲ್ ತಂಡದ ಕಥೆ. ಚೌಕದ ಬೆಂಚಿನ ಮೇಲೆ ಹಳದಿ–ಕೆಂಪು ಬಣ್ಣದ ಶಾಲು ಹೊದ್ದು ಕುಳಿತಿದ್ದ ಹಿರಿಯರೊಬ್ಬರನ್ನು ಅಳಿಯ ಮಾತನಾಡಿಸಿದ್ದೇ ಅದಕ್ಕೆ ಕಾರಣ. ಗೋಪುರದ ಬಗ್ಗೆ ಕೇಳಿದರೆ ಅವರು 1988ರ ಮೇ ತಿಂಗಳ ಬಗ್ಗೆ ಹೇಳತೊಡಗಿದರು! ಮನೆಗೆ ಬಂದ ಮೇಲೆ ನಾನು ಅದರ ಬೆನ್ನು ಹತ್ತಿದೆ. ಓದುತ್ತ ಹೋದಂತೆ, ಇದು ಕೇವಲ ಆಟದ ವಿಷಯವಲ್ಲ, ಇತಿಹಾಸದ ಪಾಠವಾಗಿ ಹೇಳಬೇಕಾದದ್ದೇ ಸರಿ ಎನಿಸಿತು.

ಮೊದಲು ಊರಿನ ಪರಿಚಯ. ಬ್ರಸೆಲ್ಸ್ ಮತ್ತು ಆಂಟ್‌ವರ್ಪ್ ಎಂಬ ಎರಡು ಮಹಾನಗರಗಳ ನಡುವೆ ಇರುವ ಮೆಖೆಲೆನ್‌ನ ಜನಸಂಖ್ಯೆ ಇಂದಿಗೂ ಒಂದು ಲಕ್ಷವನ್ನು ಮುಟ್ಟಿಲ್ಲ. ಫ್ರೆಂಚ್ ಭಾಷೆಯಲ್ಲಿ ಇದನ್ನು ಮಾಲಿನ್ ಎನ್ನುತ್ತಾರೆ. ಯುರೋಪ್ ಮುಖ್ಯಭೂಮಿಯ ಮೊಟ್ಟಮೊದಲ ಉಗಿರೈಲು ಮಾರ್ಗಗಳಲ್ಲೊಂದು 1835ರ ಮೇ 5ರಂದು ಬ್ರಸೆಲ್ಸ್‌ನಿಂದ ಬಂದು ಮುಟ್ಟಿದ್ದು ಈ ಊರನ್ನೇ. ಗೋಪುರವಂತೂ ವಿಚಿತ್ರವಾದದ್ದು. ಸುಮಾರು 167 ಮೀಟರ್ ಎತ್ತರಕ್ಕೆ ಏರಬೇಕೆಂದು ಯೋಜಿಸಿದ್ದ ಅದು 97 ಮೀಟರಿಗೆ ನಿಂತುಹೋಯಿತು. ಶಿಖರವಿಲ್ಲದ ಆ ಮೊಂಡು ತುದಿಯನ್ನೇ ಊರವರು ಐದು ಶತಮಾನಗಳಿಂದ ಅಭಿಮಾನದಿಂದ ನೋಡುತ್ತ ಬಂದಿದ್ದಾರೆ.

ಊರವರಿಗೆ ಒಂದು ಅಡ್ಡಹೆಸರೂ ಉಂಟು: ಚಂದ್ರನನ್ನು ನಂದಿಸುವವರು. 1687ರ ಜನವರಿಯ ಒಂದು ರಾತ್ರಿ, ಕುಡಿದು ಹೊರಬಂದವನೊಬ್ಬ ಗೋಪುರದ ತುದಿಯಲ್ಲಿ ಕೆಂಪು ಬೆಳಕನ್ನು ಕಂಡು ಬೆಂಕಿ ಬೆಂಕಿ ಎಂದು ಕೂಗಿದನಂತೆ. ಊರಿಗೆ ಊರೇ ಎದ್ದು, ನೀರಿನ ಬಕೆಟ್ಟುಗಳನ್ನು ಕೈಯಿಂದ ಕೈಗೆ ದಾಟಿಸುತ್ತ ಮೆಟ್ಟಿಲೇರಿತಂತೆ. ತುದಿ ಮುಟ್ಟುವಷ್ಟರಲ್ಲಿ ಬೆಳಕು ಮಾಯ; ಅದು ಮೋಡದ ನಡುವಿನಿಂದ ಬಿದ್ದ ಚಂದ್ರನ ಬೆಳಕಾಗಿತ್ತು! ನೆರೆಯವರು ಹಾಸ್ಯಕ್ಕಾಗಿ ಇಟ್ಟ ಹೆಸರನ್ನು ಊರವರು ತಾವೇ ಹೇಳಿಕೊಂಡು ನಗುತ್ತಾರೆ. ತನ್ನನ್ನು ನೋಡಿ ತಾನೇ ನಗಬಲ್ಲ ಊರು ಸೋಲನ್ನೂ ತಾಳಿಕೊಳ್ಳಬಲ್ಲದು ಎಂಬುದು ನನ್ನ ಅನಿಸಿಕೆ.

ಇನ್ನು ತಂಡದ ವಿಷಯಕ್ಕೆ ಬರುತ್ತೇನೆ. ಕೆ.ವಿ. ಮೆಖೆಲೆನ್ ಹುಟ್ಟಿದ್ದು 1904ರಲ್ಲಿ. ಅದೇ ವರ್ಷ, ಅದೇ ಊರಿನಲ್ಲಿ, ರೇಸಿಂಗ್ ಮೆಖೆಲೆನ್ ಎಂಬ ಪ್ರತಿಸ್ಪರ್ಧಿ ತಂಡವೂ ಹುಟ್ಟಿತು. ಕೆ.ವಿ. ತಂಡದ ಮೈದಾನದ ಹೆಸರಿನ ಅರ್ಥ ‘ಬ್ಯಾರಕ್ಕಿನ ಹಿಂದೆ’ ಎಂದು. ಇದಕ್ಕಿಂತ ಸರಳವಾದ ಹೆಸರನ್ನು ನಾನು ಕೇಳಿಲ್ಲ. ತಂಡವು 1943, 1946 ಮತ್ತು 1948ರಲ್ಲಿ ದೇಶದ ಲೀಗ್ ಪ್ರಶಸ್ತಿ ಗೆದ್ದಿತ್ತು. ಆಮೇಲೆ ಬಹುಕಾಲ ಮಸುಕಾಗಿ, ಮೊದಲ ದರ್ಜೆಯಿಂದ ಎರಡನೆಯ ದರ್ಜೆಗೆ ಇಳಿಯುತ್ತ ಏರುತ್ತ ದಿನ ನೂಕಿತು. ಮತ್ತೆ ಮೊದಲ ದರ್ಜೆಗೆ ಬಂದದ್ದು 1983ರಲ್ಲಿ.

ಅಲ್ಲಿಂದ ಐದೇ ವರ್ಷಗಳಲ್ಲಿ ಯುರೋಪಿನ ಪ್ರಶಸ್ತಿ! ಇದು ಹೇಗೆ ಸಾಧ್ಯವಾಯಿತು? ತರಗತಿಯಲ್ಲಿ ಕಾರಣಗಳನ್ನು ಪಟ್ಟಿ ಮಾಡಿಸುತ್ತಿದ್ದಂತೆ ಇಲ್ಲಿಯೂ ಮಾಡೋಣ.

ಮೊದಲನೆಯದು ಹಣ. ದೂರಸಂಪರ್ಕ ಉದ್ಯಮದ ಟೆಲಿಂಡಸ್ ಸಂಸ್ಥೆಯ ಒಡೆಯ ಜಾನ್ ಕಾರ್ಡಿಯರ್ ತಂಡದ ಅಧ್ಯಕ್ಷರಾದರು. ಪವಾಡ ಎಂದು ಬರೆಯುವವರು ಈ ಅಂಶವನ್ನು ಮರೆಮಾಚುತ್ತಾರೆ. ಇತಿಹಾಸದ ಮೇಷ್ಟ್ರು ಮರೆಮಾಚಬಾರದು. ಎರಡನೆಯದು ಆ ಹಣವನ್ನು ಬಳಸಿದ ಬಗೆ. ಸ್ಟ್ಯಾಂಡರ್ಡ್ ಲೀಜ್ ತಂಡದಿಂದ ಗೋಲ್‌ಕೀಪರ್ ಮಿಷೆಲ್ ಪ್ರೂಡೊಮ್ ಬಂದರು. ರಕ್ಷಣೆಯ ನಾಯಕತ್ವ ಲೇ ಕ್ಲೈಸ್ಟರ್ಸ್ ಅವರದಾಯಿತು. ಟೆನಿಸ್ ನೋಡುವ ನಿಮಗೆ ಈ ಹೆಸರು ಪರಿಚಿತ. ಕಿಮ್ ಕ್ಲೈಸ್ಟರ್ಸ್ ಅವರ ತಂದೆ ಇವರೇ. ಹಾಲೆಂಡಿನಿಂದ ಎರ್ವಿನ್ ಕೂಮನ್ ಮತ್ತು ಪೀಟ್ ಡೆನ್ ಬೂರ್, ಇಸ್ರೇಲಿನ ಜೆರುಸಲೇಮಿನಿಂದ ಎಲಿ ಒಹಾನಾ ಸೇರಿಕೊಂಡರು. ಮೂರನೆಯದು ಗುರು. ಡಚ್ಚರಾದ ಆಡ್ ಡಿ ಮಾಸ್ 1985ರಲ್ಲಿ ಆಮ್‌ಸ್ಟರ್‌ಡಾಮಿನ ಅಜಾಕ್ಸ್ ತಂಡದ ತರಬೇತುದಾರ ಹುದ್ದೆ ಕಳೆದುಕೊಂಡಿದ್ದರು. ಅಲ್ಲಿ ಬೇಡವಾದವರು ಇಲ್ಲಿ ಬೇಕಾದರು. ಅಜಾಕ್ಸ್ ಎಂಬ ಹೆಸರನ್ನು ನೆನಪಿನಲ್ಲಿಡಿ, ಕಥೆಯ ಕೊನೆಗೆ ಅದು ಮರಳಿ ಬರುತ್ತದೆ.

1986–87ರ ಲೀಗಿನಲ್ಲಿ ಮೆಖೆಲೆನ್ 34 ಪಂದ್ಯಗಳಿಂದ 55 ಅಂಕ ಗಳಿಸಿತು. ಬ್ರಸೆಲ್ಸ್‌ನ ಆಂಡರ್‌ಲೆಕ್ಟ್ 57 ಗಳಿಸಿತು. ಎರಡು ಅಂಕದಲ್ಲಿ ಪ್ರಶಸ್ತಿ ಕೈತಪ್ಪಿತು. ಆದರೆ ಅದೇ ಬೇಸಿಗೆಯಲ್ಲಿ ದೇಶದ ಕಪ್ ಪಂದ್ಯಾವಳಿಯ ಫೈನಲಿನಲ್ಲಿ ಲೀಜ್ ನಗರದ ಆರ್‌.ಎಫ್‌.ಸಿ. ಲೀಜ್ ತಂಡವನ್ನು ಡೆನ್ ಬೂರ್ ಹೊಡೆದ ಒಂದೇ ಗೋಲಿನಿಂದ ಸೋಲಿಸಿ, ಮೆಖೆಲೆನ್ ಮೊದಲ ಬಾರಿ ಆ ಕಪ್ಪನ್ನು ಗೆದ್ದಿತು. ಬೇರೆ ಬೇರೆ ದೇಶಗಳ ಕಪ್ ವಿಜೇತರು ಸೆಣಸುವ ಯುರೋಪಿನ ಕಪ್ ವಿನ್ನರ್ಸ್ ಕಪ್ ಎಂಬ ಪಂದ್ಯಾವಳಿಗೆ ಇದರಿಂದ ಬಾಗಿಲು ತೆರೆಯಿತು. 1987ರ ಸೆಪ್ಟೆಂಬರಿನವರೆಗೆ ಮೆಖೆಲೆನ್ ಈ ಬಗೆಯ ಯುರೋಪಿನ ಸ್ಪರ್ಧೆಯಲ್ಲಿ ಒಂದು ಪಂದ್ಯವನ್ನೂ ಆಡಿರಲಿಲ್ಲ.

ಕ್ರಿಕೆಟ್ಟಿಗೆ ಮಾತ್ರ ಒಗ್ಗಿದ ಬಂಧುಗಳಿಗಾಗಿ ಒಂದು ವಿವರಣೆ. ಈ ಪಂದ್ಯಾವಳಿಯಲ್ಲಿ ಫೈನಲಿನ ಹೊರತು ಪ್ರತಿ ಸುತ್ತಿನಲ್ಲೂ ಎದುರಾಳಿಯೊಂದಿಗೆ ಎರಡು ಪಂದ್ಯ: ಒಂದು ನಮ್ಮೂರಲ್ಲಿ, ಇನ್ನೊಂದು ಅವರೂರಲ್ಲಿ. ಎರಡರ ಗೋಲುಗಳನ್ನೂ ಕೂಡಿಸಿ ಹೆಚ್ಚು ಗಳಿಸಿದವರು ಮುಂದಕ್ಕೆ. ಮೊತ್ತ ಸಮವಾದರೆ ಪರಊರಿನಲ್ಲಿ ಹೆಚ್ಚು ಗೋಲು ಹೊಡೆದವರು ಮುಂದಕ್ಕೆ. ಆದ್ದರಿಂದ ತವರಿನಲ್ಲಿ ಗೋಲು ಬಿಟ್ಟುಕೊಡದಿರುವುದಕ್ಕೆ ವಿಶೇಷ ಬೆಲೆ.

ಮೊದಲ ಸುತ್ತಿನಲ್ಲಿ ರುಮೇನಿಯಾದ ಡಿನಾಮೊ ಬುಕಾರೆಸ್ಟ್ ಎದುರಾಯಿತು. ತವರಿನಲ್ಲಿ 1–0, ಬುಕಾರೆಸ್ಟಿನಲ್ಲಿ 2–0. ಎರಡನೆಯ ಸುತ್ತಿನಲ್ಲಿ ಸ್ಕಾಟ್ಲೆಂಡಿನ ಸೇಂಟ್ ಮಿರೆನ್. ತವರಿನಲ್ಲಿ ಗೋಲಿಲ್ಲದ ಸಮಬಲ. ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಒಹಾನಾ ಹೊಡೆದ ಎರಡು ಗೋಲುಗಳಿಂದ ಜಯ. ಮಾರ್ಚ್‌ನಲ್ಲಿ, ಕ್ವಾರ್ಟರ್ ಫೈನಲಿನಲ್ಲಿ, ಆಗಿನ್ನೂ ಸೋವಿಯತ್ ಒಕ್ಕೂಟದಲ್ಲಿದ್ದ ಡಿನಾಮೊ ಮಿನ್ಸ್ಕ್. ತವರಿನಲ್ಲಿ 1–0, ಅಲ್ಲಿ 1–1. ಗಮನಿಸಿ, ಆರು ಪಂದ್ಯಗಳಲ್ಲಿ ಪ್ರೂಡೊಮ್ ಬಿಟ್ಟುಕೊಟ್ಟದ್ದು ಒಂದೇ ಒಂದು ಗೋಲು. ಮೆಖೆಲೆನ್ ತಂಡ ಗೋಲುಗಳ ಮಳೆ ಸುರಿಸಿ ಗೆದ್ದದ್ದಲ್ಲ. ಮನೆಯ ಬಾಗಿಲನ್ನು ಭದ್ರವಾಗಿ ಹಾಕಿಕೊಂಡು ಗೆದ್ದದ್ದು.

ಏಪ್ರಿಲಿನ ಸೆಮಿಫೈನಲಿನಲ್ಲಿ ಎದುರಾದದ್ದು ಇಟಲಿಯ ಬೆರ್ಗಾಮೊ ನಗರದ ಅಟಲಾಂಟಾ. ಇದೂ ಒಂದು ವಿಚಿತ್ರ ತಂಡವೇ. ಆ ವರ್ಷ ಅದು ತನ್ನ ದೇಶದಲ್ಲಿ ಎರಡನೆಯ ದರ್ಜೆಯಲ್ಲಿ ಆಡುತ್ತಿತ್ತು. ಮೊದಲ ಸುತ್ತಿನಲ್ಲಿ ವೇಲ್ಸ್‌ನ ಮರ್ಥರ್ ಟಿಡ್‌ಫಿಲ್ ಎಂಬ ಪುಟ್ಟ ತಂಡಕ್ಕೆ ಅವರೂರಲ್ಲಿ 2–1ರಿಂದ ಸೋತು, ಹೇಗೋ ಪಾರಾಗಿ ಇಲ್ಲಿಯವರೆಗೆ ಬಂದಿತ್ತು. ಮೆಖೆಲೆನ್‌ನಲ್ಲಿ ಒಹಾನಾ ಮೊದಲ ಗೋಲು ಹೊಡೆದರೆ, ಅಟಲಾಂಟಾದ ಸ್ವೀಡಿಷ್ ಆಟಗಾರ ಗ್ಲೆನ್ ಸ್ಟ್ರಾಂಬರ್ಗ್ ಕೂಡಲೇ ಸಮ ಮಾಡಿದರು. ಪಂದ್ಯ ಮುಗಿಯುವ ಹೊತ್ತಿಗೆ ಡೆನ್ ಬೂರ್ ಹೊಡೆದ ಗೋಲಿನಿಂದ 2–1. ಬೆರ್ಗಾಮೊದಲ್ಲಿ ಗಾರ್ಲಿನಿ ಪೆನಾಲ್ಟಿಯಿಂದ ಗೋಲು ಹೊಡೆದಾಗ ಮೊತ್ತ ಸಮವಾಯಿತು. ಪರಊರಿನ ಗೋಲಿನ ನಿಯಮದಂತೆ ಆ ಕ್ಷಣಕ್ಕೆ ಮುಂದಿದ್ದದ್ದು ಅಟಲಾಂಟಾ. ಉತ್ತರಾರ್ಧದಲ್ಲಿ ಗ್ರೇಮ್ ರುಟ್ಯೆಸ್, ಆಮೇಲೆ ಮಾರ್ಕ್ ಎಮ್ಮರ್ಸ್ ಗೋಲು ಹೊಡೆದರು. ಅಲ್ಲಿಯೂ 2–1. ಪಂದ್ಯಾವಳಿಯಲ್ಲಿ ಮೆಖೆಲೆನ್ ನಿಜವಾಗಿ ಅಂಚಿಗೆ ಬಂದು ನಿಂತದ್ದು ಬೆರ್ಗಾಮೊದ ಆ ಸಂಜೆ ಮಾತ್ರ.

ಫೈನಲ್ ನಡೆದದ್ದು 1988ರ ಮೇ 11ರಂದು, ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದ ಮೇನೌ ಕ್ರೀಡಾಂಗಣದಲ್ಲಿ, ಸುಮಾರು 40 ಸಾವಿರ ಪ್ರೇಕ್ಷಕರ ಮುಂದೆ. ಎದುರಾಳಿ ಯಾರು ಗೊತ್ತೇ? ಅದೇ ಅಜಾಕ್ಸ್. ಹಿಂದಿನ ವರ್ಷ ಅದೇ ಕಪ್ಪನ್ನು ಗೆದ್ದಿದ್ದ ತಂಡ. ಮೂರು ಬಾರಿ ಯುರೋಪಿನ ಅತ್ಯುನ್ನತ ಕಪ್ ಗೆದ್ದಿದ್ದ ಮನೆತನ. ಆದರೆ ಆ ಮನೆಯಲ್ಲಿಯೂ ಬಿರುಕು ಬಿಟ್ಟಿತ್ತು. ಮಾರ್ಕೊ ವಾನ್ ಬಾಸ್ಟೆನ್ 1987ರಲ್ಲಿ ಇಟಲಿಗೆ ಹೋಗಿದ್ದರು. ಗುರುವಾಗಿದ್ದ ಯೋಹಾನ್ ಕ್ರೈಫ್ 1988ರ ಜನವರಿಯಲ್ಲಿ ಹುದ್ದೆ ತೊರೆದಿದ್ದರು.

ಹದಿನಾರನೆಯ ನಿಮಿಷದಲ್ಲಿ, ಗೋಲಿನತ್ತ ಓಡುತ್ತಿದ್ದ ಎಮ್ಮರ್ಸ್ ಅವರನ್ನು ಅಕ್ರಮವಾಗಿ ತಡೆದ ಅಜಾಕ್ಸ್‌ನ ಡ್ಯಾನಿ ಬ್ಲಿಂಡ್ ಅವರಿಗೆ ಜರ್ಮನ್ ರೆಫರಿ ಡೀಟರ್ ಪೌಲಿ ಕೆಂಪು ಕಾರ್ಡ್ ತೋರಿಸಿದರು. ಉಳಿದ ಆಟವನ್ನೆಲ್ಲ ಅಜಾಕ್ಸ್ ಹತ್ತೇ ಜನರೊಂದಿಗೆ ಆಡಬೇಕಾಯಿತು. 53ನೆಯ ನಿಮಿಷದಲ್ಲಿ ಒಹಾನಾ ಬದಿಯಿಂದ ಕಳಿಸಿದ ಚೆಂಡನ್ನು ಡೆನ್ ಬೂರ್ ತಲೆಯಿಂದ ಬಲೆಗೆ ಅಟ್ಟಿದರು. ಹಿಂದಿನ ವರ್ಷ ಊರಿಗೆ ಬೆಲ್ಜಿಯಂ ಕಪ್ಪನ್ನು ತಂದುಕೊಟ್ಟ ಆಟಗಾರನದೇ ಈ ಗೋಲು ಕೂಡ. ಕೆಲ ನಿಮಿಷಗಳ ಬಳಿಕ ಅಜಾಕ್ಸ್ ಬದಲಿ ಆಟಗಾರನಾಗಿ ಇಳಿಸಿದ್ದು, ಹಿಂದಿನ ದಿನವಷ್ಟೇ ಹತ್ತೊಂಬತ್ತು ತುಂಬಿದ್ದ ಡೆನಿಸ್ ಬರ್ಗ್‌ಕಾಂಪ್ ಎಂಬ ಹುಡುಗನನ್ನು. ಮುಂದೆ ಜಗತ್ತೇ ಹೊಗಳಿದ ಆ ಹುಡುಗನಿಗೂ ಅಂದು ಬಾಗಿಲು ತೆರೆಯಲಿಲ್ಲ. 1–0. ಒಂಬತ್ತು ಪಂದ್ಯ, ಏಳು ಗೆಲುವು, ಎರಡು ಸಮ, ಸೋಲಿಲ್ಲ. ಹೊಡೆದ ಗೋಲು 12, ಬಿಟ್ಟುಕೊಟ್ಟದ್ದು 3.

ಇಷ್ಟು ಬರೆದು ನಿಲ್ಲಿಸಿದರೆ ಅದು ಸ್ತುತಿಯಾಗುತ್ತದೆ, ಇತಿಹಾಸವಾಗುವುದಿಲ್ಲ. ಲೆಕ್ಕದ ಇನ್ನೊಂದು ಪುಟವನ್ನೂ ತೆರೆಯಬೇಕು.

ಆ ವರ್ಷದ ಪಂದ್ಯಾವಳಿಯಲ್ಲಿ ಇಂಗ್ಲೆಂಡಿನ ತಂಡವೇ ಇರಲಿಲ್ಲ. 1985ರ ಮೇ 29ರಂದು, ಮೆಖೆಲೆನ್‌ಗೆ ಸಮೀಪದ ಬ್ರಸೆಲ್ಸ್‌ನ ಹೇಸೆಲ್ ಕ್ರೀಡಾಂಗಣದಲ್ಲಿ, ಲಿವರ್‌ಪೂಲ್ ಮತ್ತು ಯುವೆಂಟಸ್ ತಂಡಗಳ ಫೈನಲ್ ಆರಂಭವಾಗುವ ಮೊದಲು ನಡೆದ ಗಲಭೆ, ನೂಕುನುಗ್ಗಲು ಮತ್ತು ಗೋಡೆ ಕುಸಿತದಲ್ಲಿ 39 ಜನ ಪ್ರಾಣ ಕಳೆದುಕೊಂಡಿದ್ದರು. ಆ ದುರಂತದ ಪರಿಣಾಮವಾಗಿ ಇಂಗ್ಲಿಷ್ ಕ್ಲಬ್ಬುಗಳಿಗೆ ಯುರೋಪಿನ ಸ್ಪರ್ಧೆಗಳಿಂದ ಬಹಿಷ್ಕಾರ ವಿಧಿಸಲಾಗಿತ್ತು. 1987ರಲ್ಲಿ ಇಂಗ್ಲೆಂಡಿನ ಕಪ್ ಗೆದ್ದ ಕವೆಂಟ್ರಿ ನಗರದ ತಂಡ ಸಹ ಮೆಖೆಲೆನ್‌ನಂತೆಯೇ ಸಾಧಾರಣ ಊರಿನದು. ತಾನು ಮಾಡದ ತಪ್ಪಿಗೆ ಅದು ಮನೆಯಲ್ಲೇ ಉಳಿಯಿತು. ಒಬ್ಬರ ಭಾಗ್ಯದ ಹಿಂದೆ ಇನ್ನೊಬ್ಬರ ನಷ್ಟ ನಿಂತಿರುವುದು ಇತಿಹಾಸದಲ್ಲಿ ಅಪರೂಪವಲ್ಲ. ಇದನ್ನು ಹೇಳುವುದರಿಂದ ಗೆದ್ದವರ ಶ್ರಮ ಕಡಿಮೆಯಾಗುವುದೂ ಇಲ್ಲ.

ಎರಡನೆಯದಾಗಿ, ಸ್ವದೇಶದ ಲೀಗಿನ ಪುಸ್ತಕದಲ್ಲಿ 1987–88ರ ಚಾಂಪಿಯನ್ ಎಂದು ಬರೆದಿರುವುದು ಕ್ಲಬ್ ಬ್ರೂಗ್ ತಂಡದ ಹೆಸರನ್ನು. ಮೆಖೆಲೆನ್ ಮತ್ತೆ ಎರಡನೆಯ ಸ್ಥಾನ. ಸತತ ಎರಡು ವರ್ಷ ಎರಡನೆಯವರು! ಸ್ಟ್ರಾಸ್‌ಬರ್ಗ್‌ನ ಗೋಲು ಇಲ್ಲದಿದ್ದರೆ ಈ ವರ್ಷವನ್ನು ಇಂದು ನೆನೆಯುವವರು ಎಷ್ಟು ಜನ ಇರುತ್ತಿದ್ದರು? ಆಟಗಾರರು ಅವರೇ, ಶ್ರಮವೂ ಅದೇ. ಯಾವ ಪುಸ್ತಕ ತೆರೆಯುತ್ತೇವೆ ಎಂಬುದರ ಮೇಲೆ ವರ್ಷದ ಹೆಸರು ಬದಲಾಗುತ್ತದೆ.

ಆಮೇಲೆ ಏನಾಯಿತು? ಕೆಲಕಾಲ ಎಲ್ಲವೂ ಕೈಗೂಡಿತು. ಅಜಾಕ್ಸ್ ಪರ ಫೈನಲ್ ಆಡಿದ್ದ ಜಾನ್ ಬೋಸ್ಮನ್ ಅದೇ ವರ್ಷ ಮೆಖೆಲೆನ್ ಸೇರಿದರು. ಹಾಲೆಂಡಿನ ಪಿ.ಎಸ್.ವಿ. ಐಂಡ್‌ಹೋವನ್ ಆ ವರ್ಷ ಯುರೋಪಿನ ಹಿರಿಯ ಕಪ್ ಗೆದ್ದಿತ್ತು. ಅಲ್ಲಿದ್ದದ್ದು ಎರ್ವಿನ್ ಕೂಮನ್‌ರ ತಮ್ಮ ರೊನಾಲ್ಡ್. ಒಂದೇ ಮೇ ತಿಂಗಳಲ್ಲಿ ಅಣ್ಣನಿಗೊಂದು ಕಪ್, ತಮ್ಮನಿಗೊಂದು ಕಪ್. ಜೂನ್‌ನಲ್ಲಿ ಇಬ್ಬರೂ ಸೇರಿ ಹಾಲೆಂಡಿಗೆ ಯುರೋಪಿನ ರಾಷ್ಟ್ರಗಳ ಕಪ್! ಎರಡೂ ಕ್ಲಬ್ಬುಗಳ ನಡುವಿನ ಸೂಪರ್ ಕಪ್ಪನ್ನು 1989ರ ಫೆಬ್ರವರಿಯಲ್ಲಿ ಮೆಖೆಲೆನ್ ಗೆದ್ದಿತು: ತವರಿನಲ್ಲಿ 3–0, ಅಲ್ಲಿ 0–1. ಆ ವರ್ಷವೇ ಲೀಗ್ ಪ್ರಶಸ್ತಿಯೂ ಬಂತು, 1948ರ ನಂತರ ಮೊದಲ ಬಾರಿ. 1990ರಲ್ಲಿ ಇಟಲಿಯ ಬಲಾಢ್ಯ ಎ.ಸಿ. ಮಿಲಾನ್ ತಂಡವನ್ನು ಹೆಚ್ಚುವರಿ ಸಮಯದವರೆಗೆ ಎಳೆದು ಸೋತಿತು.

ಬಳಿಕ ಇಳಿಜಾರು. ಗುರು ಡಿ ಮಾಸ್ 1989ರಲ್ಲಿ ಆಂಡರ್‌ಲೆಕ್ಟ್ ಸೇರಿದರು. ಉತ್ತಮ ಆಟಗಾರರು ಒಬ್ಬೊಬ್ಬರಾಗಿ ಹೋದರು. ಒಬ್ಬ ಉದ್ಯಮಿಯ ಬೊಕ್ಕಸದ ಮೇಲೆ ನಿಂತ ಕಟ್ಟಡ, ಆ ಬೊಕ್ಕಸ ಕೈಚೆಲ್ಲಿದಾಗ ಕುಸಿಯತೊಡಗಿತು. 1997ರಲ್ಲಿ ತಂಡ ಎರಡನೆಯ ದರ್ಜೆಗೆ ಇಳಿಯಿತು. 2003ರಲ್ಲಿ ಸಾಲದ ಹೊರೆಯಿಂದ ಮುಳುಗುವ ಸ್ಥಿತಿ ತಲುಪಿ ಮೂರನೆಯ ದರ್ಜೆಗೆ ತಳ್ಳಲ್ಪಟ್ಟಿತು. ಆಗ ಹಣ ಕೂಡಿಸಲು ಮುಂದಾಗಿ ಕ್ಲಬ್ಬಿನ ಉಸಿರು ಉಳಿಸಿದವರು ಸಾಮಾನ್ಯ ಅಭಿಮಾನಿಗಳು. 2007ರಲ್ಲಿ ಅದು ಮತ್ತೆ ಮೊದಲ ದರ್ಜೆಗೆ ಬಂತು.

ಕಹಿಯಾದ ಇನ್ನೊಂದು ಅಧ್ಯಾಯವೂ ಇದೆ. 2019ರಲ್ಲಿ ಎರಡನೆಯ ದರ್ಜೆಯಲ್ಲಿದ್ದಾಗಲೇ ಮೆಖೆಲೆನ್ ಬೆಲ್ಜಿಯಂ ಕಪ್ಪನ್ನು ಗೆದ್ದಿತು. ಆ ದರ್ಜೆಯ ತಂಡವೊಂದು ಅದನ್ನು ಗೆದ್ದದ್ದು ಅದೇ ಮೊದಲು. ಆದರೆ 2018ರ ಮಾರ್ಚ್‌ನಲ್ಲಿ ನಡೆದ ಲೀಗ್ ಪಂದ್ಯವೊಂದನ್ನು ಕುರಿತ ಮೋಸದಾಟದ ಪ್ರಕರಣದಲ್ಲಿ ಕ್ಲಬ್ಬಿಗೆ ವಿಧಿಸಿದ ಶಿಕ್ಷೆಯಿಂದಾಗಿ, ಕಪ್ ಗೆದ್ದೂ ಅದು ಯುರೋಪಿನ ಸ್ಪರ್ಧೆಗೆ ಹೋಗಲಾಗಲಿಲ್ಲ. 1987ರಲ್ಲಿ ತೆರೆದಿದ್ದ ಬಾಗಿಲೇ 2019ರಲ್ಲಿ ಮುಚ್ಚಿತು. ಅಭಿಮಾನಿಗಳ ಪಾಲಿಗೆ ಸಾಲಕ್ಕಿಂತಲೂ ಇದು ಹೆಚ್ಚು ನೋವಿನದಾಗಿರಬೇಕು.

ಮೆಖೆಲೆನ್‌ನ ನಂತರ ಬೆಲ್ಜಿಯಂನ ಯಾವ ಕ್ಲಬ್ಬೂ ಯುರೋಪಿನ ಪ್ರಶಸ್ತಿ ಗೆದ್ದಿಲ್ಲ. ಇದಕ್ಕೂ ಕಾರಣಗಳಿವೆ. 1992ರಿಂದ ಚಾಂಪಿಯನ್ಸ್ ಲೀಗ್ ಬಂದು, ದೂರದರ್ಶನದ ಹಣ ದೊಡ್ಡ ದೇಶಗಳತ್ತ ಹರಿಯಿತು. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯವು ಬೋಸ್ಮನ್ ತೀರ್ಪು ನೀಡಿತು. ಈ ಬೋಸ್ಮನ್ ಮೇಲೆ ಹೇಳಿದವರಲ್ಲ. ಇವರು ಜಾನ್-ಮಾರ್ಕ್ ಬೋಸ್ಮನ್, 1987ರ ಕಪ್ ಫೈನಲಿನಲ್ಲಿ ಮೆಖೆಲೆನ್‌ಗೆ ಸೋತ ಲೀಜ್ ಕ್ಲಬ್ಬಿಗೆ ಆಮೇಲೆ ಸೇರಿದ್ದ ಆಟಗಾರ. ಕರಾರು ಮುಗಿದ ಮೇಲೂ ತಮ್ಮನ್ನು ಬೇರೆ ತಂಡಕ್ಕೆ ಬಿಟ್ಟುಕೊಡದ ಪದ್ಧತಿಯ ವಿರುದ್ಧ ಅವರು ಹೋರಾಡಿ ಗೆದ್ದರು. ಆಟಗಾರನಿಗೆ ನ್ಯಾಯ ಸಿಕ್ಕಿತು, ಅದು ಸರಿಯೇ. ಆದರೆ ಕರಾರು ಮುಗಿದ ಪ್ರತಿಭಾವಂತರನ್ನು ಬೆಲೆಯಿಲ್ಲದೆ ಕಳೆದುಕೊಳ್ಳುವ ಸ್ಥಿತಿ ಸಣ್ಣ ಕ್ಲಬ್ಬುಗಳದಾಯಿತು. ಕಪ್ ವಿನ್ನರ್ಸ್ ಕಪ್ ಎಂಬ ಪಂದ್ಯಾವಳಿಯನ್ನೇ 1999ರಲ್ಲಿ ನಿಲ್ಲಿಸಲಾಯಿತು. ಮೆಖೆಲೆನ್ ಏರಿದ ಏಣಿ ಈಗ ಅಲ್ಲಿ ಇಲ್ಲವೇ ಇಲ್ಲ.

ಈಗ ನನ್ನದೇ ಒಂದು ಮಾತು. ಪರೀಕ್ಷಾ ಫಲಿತಾಂಶ ಓದುವ ದಿನ ಮೊದಲ ಸ್ಥಾನ ಬಂದವರನ್ನು ನಾನು ವೇದಿಕೆಗೆ ಕರೆಯುತ್ತಿದ್ದೆ. ಎರಡನೆಯ ಸ್ಥಾನದವರಿಗೆ, ಇನ್ನೂ ಸ್ವಲ್ಪ ಓದಿದ್ದರೆ ಆಗುತ್ತಿತ್ತಲ್ಲ ಎಂದು ಹೇಳುತ್ತಿದ್ದೆ. ಪ್ರೋತ್ಸಾಹ ಎಂದೇ ಭಾವಿಸಿದ್ದೆ. ಒಮ್ಮೆ ಎರಡು ಅಂಕಗಳಿಂದ ಹಿಂದೆ ಬಿದ್ದ ಹುಡುಗಿಯೊಬ್ಬಳು ಆ ಮಾತಿಗೆ ತಲೆ ತಗ್ಗಿಸಿ ನಿಂತದ್ದು, ಮೆಖೆಲೆನ್‌ನ 55 ಮತ್ತು ಆಂಡರ್‌ಲೆಕ್ಟ್‌ನ 57 ಎಂಬ ಅಂಕಿಗಳನ್ನು ಓದುವಾಗ ಥಟ್ಟನೆ ಕಣ್ಣ ಮುಂದೆ ಬಂತು. ಅವಳ ಪುಸ್ತಕದಲ್ಲಿ ಬೇರೆ ಪುಟಗಳೂ ಇದ್ದವು ಎಂಬುದು ಅಂದು ನನಗೆ ಹೊಳೆಯಲಿಲ್ಲ. ಅವಳು ಇದನ್ನು ಓದುತ್ತಿದ್ದರೆ, ಅಮ್ಮಾ, ಅಂದು ನಾನು ಹೇಳಬೇಕಾಗಿದ್ದದ್ದು ‘ಚೆನ್ನಾಗಿ ಮಾಡಿದೆ’ ಎಂಬ ಒಂದೇ ಮಾತು. ತಡವಾಗಿ ಹೇಳುತ್ತಿದ್ದೇನೆ.

ಮೆಖೆಲೆನ್‌ನಿಂದ ಹೊರಡುವ ಮುನ್ನ, ಅರ್ಧಕ್ಕೆ ನಿಂತ ಆ ಗೋಪುರವನ್ನು ಮತ್ತೊಮ್ಮೆ ತಲೆಯೆತ್ತಿ ನೋಡಿದೆ. ಬೆಂಚಿನ ಮೇಲಿದ್ದ ಹಿರಿಯರು ಶಾಲು ಸರಿಪಡಿಸಿಕೊಂಡು ಎದ್ದು, ನಮಗೆ ಕೈಬೀಸಿ, ಮನೆಯ ದಾರಿ ಹಿಡಿದರು.